ಪೆನಿಸಿಲಿನ್ನಿನ ಎರಡನೆಯ ಹುಟ್ಟು



ಪೆನಿಸಿಲಿನ್ನಿನ ಕಥೆಯನ್ನು ಅರಿಯದವರು ನಮ್ಮಲ್ಲಿ ವಿರಳ. 1928ರ ಸೆಪ್ಟೆಂಬರಿನಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ರಜೆ ಮುಗಿಸಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯ ತಮ್ಮ ಪ್ರಯೋಗಾಲಯಕ್ಕೆ ಮರಳಿದ್ದು, ಬ್ಯಾಕ್ಟೀರಿಯಾ ಬೆಳೆಸಿದ್ದ ಗಾಜಿನ ತಟ್ಟೆಯೊಂದರಲ್ಲಿ ಬೂಷ್ಟು ಹಿಡಿದಿದ್ದದ್ದು, ಆ ಬೂಷ್ಟಿನ ಸುತ್ತಲಿನ ಬ್ಯಾಕ್ಟೀರಿಯಾಗಳು ನಾಶವಾಗಿದ್ದದ್ದು, ಇಷ್ಟನ್ನು ಹತ್ತನೆಯ ತರಗತಿ ದಾಟಿದ ಯಾರಾದರೂ ಹೇಳಬಲ್ಲರು. ಪಠ್ಯಪುಸ್ತಕ ಸಾಮಾನ್ಯವಾಗಿ ಅಲ್ಲಿಗೆ ನಿಲ್ಲುತ್ತದೆ. ಇತಿಹಾಸ ಮಾತ್ರ ನಿಲ್ಲಲಿಲ್ಲ. ಆ ಔಷಧ ಜನಸಾಮಾನ್ಯರ ಕೈಗೆ ಬಂದ ಕೆಲವೇ ವರ್ಷಗಳಲ್ಲಿ ಆಸ್ಪತ್ರೆಗಳಲ್ಲಿ ಸೋಲತೊಡಗಿತು. ಸೋತ ಔಷಧವನ್ನು ರಸಾಯನವಿಜ್ಞಾನಿಗಳು ತಿದ್ದಿ ಮತ್ತೆ ಕಣಕ್ಕೆ ಇಳಿಸಿದರು. ಆ ಎರಡನೆಯ ಹುಟ್ಟಿನ ಕಥೆಯನ್ನು ಇಲ್ಲಿ ಬರೆಯಬೇಕೆಂದಿದ್ದೇನೆ.

ಇದಕ್ಕೊಂದು ನೆಪವೂ ಇದೆ. ಔಷಧದ ಅಂಗಡಿ ನಡೆಸುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ದೂರವಾಣಿಯಲ್ಲಿ ಕೇಳಿದ: “ಸರ್, ನನ್ನ ಅಂಗಡಿಯ ಒಂದು ಕಪಾಟಿನ ತುಂಬ ‘ಸಿಲಿನ್’ ಎಂದು ಮುಗಿಯುವ ಹೆಸರುಗಳೇ ಇವೆ. ಆಂಪಿಸಿಲಿನ್, ಅಮಾಕ್ಸಿಸಿಲಿನ್, ಕ್ಲಾಕ್ಸಾಸಿಲಿನ್. ಎಲ್ಲವೂ ಹಳೆಯ ಪೆನಿಸಿಲಿನ್ನೇ ಅಲ್ಲವೇ? ಹೆಸರು ಬದಲಿಸಿ ಬೆಲೆ ಏರಿಸುವ ವ್ಯಾಪಾರವೇ ಇದು?” ಪ್ರಶ್ನೆ ಒಳ್ಳೆಯದು. ಒಂದೇ ಮಾತಿನಲ್ಲಿ ಉತ್ತರಿಸುವಂಥದಲ್ಲ.

ಮೊದಲಿಗೆ ಒಂದು ಸಂಗತಿಯನ್ನು ಗಮನಿಸಬೇಕು. ಫ್ಲೆಮಿಂಗರ ಬೂಷ್ಟು ಔಷಧವಾಗಲು ಹನ್ನೆರಡು ವರ್ಷಗಳು ಹಿಡಿದವು. ಆಕ್ಸ್‌ಫರ್ಡಿನಲ್ಲಿ ಹೊವಾರ್ಡ್ ಫ್ಲೋರಿ, ಅರ್ನ್ಸ್ಟ್ ಚೈನ್, ನಾರ್ಮನ್ ಹೀಟ್ಲಿ ಮೊದಲಾದವರು ಅದನ್ನು ಶುದ್ಧೀಕರಿಸಿ, 1940ರ ಮೇ ತಿಂಗಳಲ್ಲಿ ಇಲಿಗಳ ಮೇಲೆ ಪ್ರಯೋಗಿಸಿದರು. 1941ರ ಫೆಬ್ರವರಿಯಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸನಿಗೆ ಅದನ್ನು ಚಿಕಿತ್ಸೆಯಾಗಿ ಕೊಡಲಾಯಿತು. ಮುಖದ ತುಂಬ ಕೀವುಗಟ್ಟಿ ಸಾವಿನ ದವಡೆಯಲ್ಲಿದ್ದ ಆತ ಕೆಲವೇ ದಿನಗಳಲ್ಲಿ ಚೇತರಿಸಿಕೊಂಡ. ಆದರೆ ಔಷಧ ಮುಗಿದುಹೋಯಿತು. ಆತನ ಮೂತ್ರದಿಂದಲೇ ಪೆನಿಸಿಲಿನ್ನನ್ನು ಮರಳಿ ಬೇರ್ಪಡಿಸಿ ಕೊಟ್ಟರೂ ಸಾಲಲಿಲ್ಲ. ಮಾರ್ಚ್ ತಿಂಗಳಲ್ಲಿ ಆತ ತೀರಿಕೊಂಡ.

ಈ ಘಟನೆಗೂ ಮೊದಲೇ, 1940ರ ಡಿಸೆಂಬರಿನಲ್ಲಿ, ಅದೇ ತಂಡದ ಎಡ್ವರ್ಡ್ ಅಬ್ರಹಾಂ ಮತ್ತು ಚೈನ್ ‘ನೇಚರ್’ ಪತ್ರಿಕೆಯಲ್ಲಿ ಪುಟ್ಟದೊಂದು ಬರಹವನ್ನು ಪ್ರಕಟಿಸಿದ್ದರು. ಕೆಲವು ಬ್ಯಾಕ್ಟೀರಿಯಾಗಳ ದೇಹದಲ್ಲಿ ಪೆನಿಸಿಲಿನ್ನನ್ನು ನಾಶಮಾಡುವ ಕಿಣ್ವವೊಂದಿದೆ ಎಂಬುದು ಅದರ ಸಾರ. ಆ ಕಿಣ್ವಕ್ಕೆ ಪೆನಿಸಿಲಿನೇಸ್ ಎಂದು ಹೆಸರಾಯಿತು. ಅಂದರೆ ಮೊದಲ ರೋಗಿಯ ಚಿಕಿತ್ಸೆ ಆರಂಭವಾಗುವ ಮೊದಲೇ ಶತ್ರುವಿನ ಬಳಿ ಪ್ರತ್ಯಸ್ತ್ರವಿರುವುದು ವಿಜ್ಞಾನಿಗಳಿಗೆ ತಿಳಿದಿತ್ತು! 1945ರ ಡಿಸೆಂಬರಿನಲ್ಲಿ ನೊಬೆಲ್ ಪ್ರಶಸ್ತಿ ಸ್ವೀಕರಿಸಿ ಮಾಡಿದ ಉಪನ್ಯಾಸದಲ್ಲಿ ಫ್ಲೆಮಿಂಗ್ ಸಹ ಎಚ್ಚರಿಸಿದರು. ಮುಂದೆ ಪೆನಿಸಿಲಿನ್ ಅಂಗಡಿಗಳಲ್ಲಿ ಯಾರು ಬೇಕಾದರೂ ಕೊಳ್ಳುವ ವಸ್ತುವಾದರೆ, ಅರೆಬರೆ ಪ್ರಮಾಣದಲ್ಲಿ ಸೇವಿಸುವವರು ತಮ್ಮ ರೋಗಾಣುಗಳಿಗೆ ಔಷಧವನ್ನು ಎದುರಿಸುವ ಪಾಠ ಕಲಿಸಿದಂತಾಗುತ್ತದೆ, ಆ ರೋಗಾಣು ಮನೆಯ ಇನ್ನೊಬ್ಬರಿಗೆ ತಗುಲಿದಾಗ ಔಷಧ ಕೈಕೊಡುತ್ತದೆ ಎಂಬುದು ಅವರ ಮಾತಿನ ತಾತ್ಪರ್ಯವಾಗಿತ್ತು.

ಎಚ್ಚರಿಕೆ ನಿಜವಾಗಲು ಬಹುಕಾಲ ಬೇಕಾಗಲಿಲ್ಲ. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಮೇರಿ ಬಾರ್ಬರ್ ಎಂಬ ಸೂಕ್ಷ್ಮಾಣುವಿಜ್ಞಾನಿ ರೋಗಿಗಳ ಗಾಯಗಳಿಂದ ಸ್ಟೆಫೈಲೊಕಾಕಸ್ ಎಂಬ ಬ್ಯಾಕ್ಟೀರಿಯಾವನ್ನು ಸಂಗ್ರಹಿಸಿ ವರ್ಷವರ್ಷವೂ ಪರೀಕ್ಷಿಸುತ್ತಿದ್ದರು. ಕುರು, ಗಾಯದ ನಂಜು, ರಕ್ತದ ಸೋಂಕು ಮುಂತಾದ ಅನೇಕ ಕಾಯಿಲೆಗಳಿಗೆ ಕಾರಣವಾಗುವ ಜೀವಿ ಇದು. 1946ರಲ್ಲಿ ಪೆನಿಸಿಲಿನ್ನಿಗೆ ಬಗ್ಗದ ಸ್ಟೆಫೈಲೊಕಾಕಸ್ ಸುಮಾರು ಶೇಕಡಾ 14ರಷ್ಟಿತ್ತು. 1947ರಲ್ಲಿ ಅದು 38 ಆಯಿತು, 1948ರಲ್ಲಿ 59ಕ್ಕೆ ಏರಿತು. ಬ್ಯಾಕ್ಟೀರಿಯಾಗಳು ಒಂದೊಂದಾಗಿ ಕೂತು ಹೊಸ ವಿದ್ಯೆ ಕಲಿತವು ಎಂದು ಭಾವಿಸಬಾರದು. ಕಿಣ್ವವುಳ್ಳ ಕೆಲವು ತಳಿಗಳು ಮೊದಲೇ ಇದ್ದವು. ಔಷಧ ಉಳಿದವನ್ನೆಲ್ಲ ಕೊಂದು ಇವುಗಳಿಗೆ ಹೊಲವನ್ನು ತೆರವು ಮಾಡಿಕೊಟ್ಟಿತು. ಡಾರ್ವಿನ್ನರ ನೈಸರ್ಗಿಕ ಆಯ್ಕೆಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ತರಗತಿಯಲ್ಲಿ ಕೊಡುವುದು ಕಷ್ಟ.

1950ರ ದಶಕದ ಮಧ್ಯಭಾಗಕ್ಕೆ ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾಗಳ ಆಸ್ಪತ್ರೆಗಳಲ್ಲಿ, ವಿಶೇಷವಾಗಿ ಬಾಣಂತಿಯರ ಹಾಗೂ ನವಜಾತ ಶಿಶುಗಳ ವಾರ್ಡುಗಳಲ್ಲಿ, ಇಂತಹ ಸ್ಟೆಫೈಲೊಕಾಕಸ್ಸಿನ ಹಾವಳಿ ಹಬ್ಬಿತ್ತು. ನಮ್ಮ ದೇಶದಲ್ಲಿ ಪುಣೆಯ ಬಳಿಯ ಪಿಂಪ್ರಿಯಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನೊಂದಿಗೆ, ಹಿಂದೂಸ್ಥಾನ್ ಆಂಟಿಬಯಾಟಿಕ್ಸ್ ಕಾರ್ಖಾನೆ ಸ್ಥಾಪನೆಯಾದದ್ದು 1954ರಲ್ಲಿ. ನಾವು ಪೆನಿಸಿಲಿನ್ನನ್ನು ಸ್ವಂತವಾಗಿ ತಯಾರಿಸಲು ಹೊರಟ ಹೊತ್ತಿಗೆ ಅದು ಹುಟ್ಟಿದ ನಾಡಿನಲ್ಲಿಯೇ ಬಳಲುತ್ತಿತ್ತು.

ಆಗ ಎರಡು ದಾರಿಗಳಿದ್ದವು. ಮಣ್ಣಿನಲ್ಲಿ ಹುಡುಕಿ ಬೇರೊಂದು ಔಷಧವನ್ನು ಪಡೆಯುವುದು ಒಂದು. ಇರುವ ಔಷಧವನ್ನೇ ಬದಲಾಯಿಸುವುದು ಇನ್ನೊಂದು. ಮೊದಲನೆಯ ದಾರಿಯಲ್ಲಿ ಅನೇಕರು ಯಶಸ್ವಿಯಾಗಿ ನಡೆದರು. ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ, ನಮ್ಮ ಆಂಧ್ರದ ಯೆಲ್ಲಾಪ್ರಗಡ ಸುಬ್ಬರಾವ್ ಅವರು ಸಂಶೋಧನೆಯ ಮುಖ್ಯಸ್ಥರಾಗಿದ್ದ ಕಾಲದಲ್ಲಿ, ಬೆಂಜಮಿನ್ ಡಗ್ಗರ್ ಎಂಬ ವಿಜ್ಞಾನಿ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಆರಿಯೋಮೈಸಿನ್ ಪಡೆದರು. ಅದು ಲೋಕಕ್ಕೆ ಪ್ರಕಟವಾದದ್ದು 1948ರಲ್ಲಿ. ಡಗ್ಗರ್ ಅವರು ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರ ಪ್ರಾಧ್ಯಾಪಕ ಹುದ್ದೆಯಿಂದ ನಿವೃತ್ತರಾದ ಮೇಲೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಈ ಕೆಲಸ ಮಾಡಿದರು ಎಂಬುದನ್ನು ನನ್ನಂತಹ ನಿವೃತ್ತರು ನೆನಪಿನಲ್ಲಿಡುವುದು ಒಳ್ಳೆಯದು!

ಎರಡನೆಯ ದಾರಿಯ ಬಗ್ಗೆ ಅಂದು ಬಹುಮಂದಿಗೆ ನಂಬಿಕೆಯಿರಲಿಲ್ಲ. ಪ್ರಕೃತಿ ರಚಿಸಿದ ಇಷ್ಟು ಸೂಕ್ಷ್ಮವಾದ ಅಣುವಿಗೆ ಕೈಹಾಕಿದರೆ ಅದು ಕೆಡುವುದೇ ಹೊರತು ಉತ್ತಮಗೊಳ್ಳುವುದಿಲ್ಲ ಎಂಬುದು ಸಾಮಾನ್ಯ ಅಭಿಪ್ರಾಯವಾಗಿತ್ತು. ಫೈಜರ್ ಕಂಪನಿಯ ಲಾಯ್ಡ್ ಕಾನೋವರ್ 1952ರಲ್ಲಿ ಆರಿಯೋಮೈಸಿನ್ನಿನ ಅಣುವಿನಿಂದ ಒಂದು ಕ್ಲೋರಿನ್ ಪರಮಾಣುವನ್ನು ತೆಗೆದು ಆ ಸ್ಥಾನದಲ್ಲಿ ಹೈಡ್ರೋಜನ್ ಇರಿಸಿದರು. ಹಾಗೆ ದೊರೆತದ್ದು ಟೆಟ್ರಾಸೈಕ್ಲಿನ್. ಅದು ಮೂಲವಸ್ತುವಿಗಿಂತ ಸ್ಥಿರವಾಗಿತ್ತು, ಪರಿಣಾಮಕಾರಿಯೂ ಆಗಿತ್ತು. ತಿದ್ದುವುದು ಸಾಧ್ಯ ಎಂದು ತೋರಿಸಿದ ಮೊದಲ ಯಶಸ್ವಿ ಉದಾಹರಣೆಗಳಲ್ಲಿ ಇದೊಂದು.

ಪೆನಿಸಿಲಿನ್ನಿನ ತಿದ್ದುಪಡಿ ನಡೆದದ್ದು ಯಾರೂ ನಿರೀಕ್ಷಿಸದ ಜಾಗದಲ್ಲಿ. ಇಂಗ್ಲೆಂಡಿನ ಬೀಚಂ ಕಂಪನಿ ಜೀರ್ಣದ ಗುಳಿಗೆ, ಹಲ್ಲುಜ್ಜುವ ಪೇಸ್ಟು, ತಲೆಗೆ ಹಚ್ಚುವ ಕ್ರೀಮುಗಳಿಗೆ ಹೆಸರಾದುದು. ಅದು ಸರ್ರೆ ಪ್ರಾಂತ್ಯದ ಬ್ರಾಕಂ ಪಾರ್ಕ್ ಎಂಬಲ್ಲಿ ಸಂಶೋಧನಾಲಯವನ್ನು ತೆರೆದಿತ್ತು. ಆಗ ರೋಮಿನಲ್ಲಿದ್ದ ಚೈನ್ ಅವರನ್ನು ಸಲಹೆಗಾರರನ್ನಾಗಿ ಮಾಡಿಕೊಂಡಿತು. ಹೊಸ ಔಷಧಕ್ಕಾಗಿ ಅಲೆಯುವ ಬದಲು ಪೆನಿಸಿಲಿನ್ನಿನ ರಚನೆಯನ್ನು ಬದಲಿಸಲು ಯತ್ನಿಸಿರಿ ಎಂಬುದು ಚೈನ್ ಅವರ ಸಲಹೆ. ಕಂಪನಿಯ ಇಬ್ಬರು ಯುವವಿಜ್ಞಾನಿಗಳಾದ ರೋಲಿನ್ಸನ್ ಮತ್ತು ಬ್ಯಾಚಲರ್ 1956ರಲ್ಲಿ ರೋಮಿಗೆ ಹೋಗಿ ಹುದುಗಿಸುವ ವಿಧಾನಗಳನ್ನು ಕಲಿತು ಬಂದರು.

ಇಲ್ಲಿ ಸ್ವಲ್ಪ ರಸಾಯನಶಾಸ್ತ್ರ ಅನಿವಾರ್ಯ. ಪೆನಿಸಿಲಿನ್ ಅಣುವಿನಲ್ಲಿ ಎರಡು ಭಾಗಗಳಿವೆ. ಒಂದು ತಿರುಳು. ಈ ತಿರುಳಿನಲ್ಲಿ ನಾಲ್ಕು ಪರಮಾಣುಗಳ ಚಿಕ್ಕದೊಂದು ಚೌಕವಿದೆ. ಬೀಟಾ ಲ್ಯಾಕ್ಟಂ ಉಂಗುರ ಎಂದು ಅದರ ಹೆಸರು. 1945ರಲ್ಲಿ ಡೊರೊತಿ ಹಾಡ್‌ಕಿನ್ ಅವರು ಕ್ಷ-ಕಿರಣಗಳ ನೆರವಿನಿಂದ ಈ ರಚನೆಯನ್ನು ಖಚಿತಪಡಿಸಿದರು. ಬ್ಯಾಕ್ಟೀರಿಯಾ ತನ್ನ ಮೈಸುತ್ತಲಿನ ಗೋಡೆಯನ್ನು ಕಟ್ಟಿಕೊಳ್ಳುವಾಗ ಎಳೆಗೆ ಎಳೆ ಬೆಸೆಯುವ ಪ್ರೋಟೀನಿಗೆ ಈ ಉಂಗುರ ಅಂಟಿಕೊಳ್ಳುತ್ತದೆ. ಬೆಸುಗೆ ನಿಂತು ಗೋಡೆ ಬಿರಿಯುತ್ತದೆ, ಬ್ಯಾಕ್ಟೀರಿಯಾ ಸಾಯುತ್ತದೆ. ಪೆನಿಸಿಲಿನೇಸ್ ಕಿಣ್ವ ಕತ್ತರಿಯಂತೆ ಇದೇ ಉಂಗುರವನ್ನು ಕತ್ತರಿಸುತ್ತದೆ. ಅಣುವಿನ ಇನ್ನೊಂದು ಭಾಗ ಈ ತಿರುಳಿಗೆ ಅಂಟಿಕೊಂಡ ಬಾಲ. ಇದನ್ನು ಪಾರ್ಶ್ವಸರಪಳಿ ಎನ್ನುತ್ತಾರೆ. ಬೂಷ್ಟಿಗೆ ಯಾವ ಆಹಾರ ಸಿಗುತ್ತದೆಯೋ ಅದಕ್ಕೆ ತಕ್ಕಂತೆ ಬಾಲ ಬದಲಾಗುತ್ತದೆ. ಆದರೆ ಬೂಷ್ಟು ಒಪ್ಪುವ ಬಾಲಗಳು ಕೆಲವೇ ಕೆಲವು.

ಬ್ರಾಕಂ ಪಾರ್ಕಿನಲ್ಲಿ ಹುದುಗಿದ ದ್ರವದಲ್ಲಿ ಪೆನಿಸಿಲಿನ್ ಎಷ್ಟಿದೆ ಎಂದು ಎರಡು ರೀತಿಯಲ್ಲಿ ಅಳೆಯುತ್ತಿದ್ದರು. ಒಂದು ರಾಸಾಯನಿಕ ಪರೀಕ್ಷೆ, ಅದು ಉಂಗುರವನ್ನು ಗುರುತಿಸುತ್ತದೆ. ಇನ್ನೊಂದು ಜೈವಿಕ ಪರೀಕ್ಷೆ, ಅದು ಬ್ಯಾಕ್ಟೀರಿಯಾವನ್ನು ಕೊಲ್ಲುವ ಶಕ್ತಿಯನ್ನು ಅಳೆಯುತ್ತದೆ. ಬಾಲಕ್ಕೆ ಬೇಕಾದ ಆಹಾರವನ್ನು ಹಾಕದೆ ಹುದುಗಿಸಿದಾಗ ಎರಡು ಅಳತೆಗಳು ಹೊಂದಲಿಲ್ಲ. ರಾಸಾಯನಿಕ ಪರೀಕ್ಷೆ ಹೆಚ್ಚು ಪೆನಿಸಿಲಿನ್ ಇದೆಯೆಂದಿತು, ಜೈವಿಕ ಪರೀಕ್ಷೆ ಕಡಿಮೆಯೆಂದಿತು.

ನಮ್ಮ ಶಾಲೆಗಳ ಪ್ರಯೋಗಾಲಯಗಳಲ್ಲಿ ಎರಡು ಅಳತೆಗಳು ಹೊಂದದಿದ್ದರೆ ವಿದ್ಯಾರ್ಥಿಗಳು ಏನು ಮಾಡುತ್ತಾರೆಂಬುದು ಇದನ್ನು ಓದುತ್ತಿರುವ ಹಲವರಿಗೆ ಚೆನ್ನಾಗಿ ಗೊತ್ತು. ರಬ್ಬರಿನಿಂದ ಒಂದನ್ನು ಅಳಿಸಿ ಇನ್ನೊಂದಕ್ಕೆ ಸರಿಹೊಂದಿಸಿ ದಾಖಲೆ ಪುಸ್ತಕವನ್ನು ಮೇಜಿನ ಮೇಲಿಡುತ್ತಾರೆ. ಬ್ರಾಕಂ ಪಾರ್ಕಿನವರು ಹಾಗೆ ಮಾಡಲಿಲ್ಲ. ಆ ವ್ಯತ್ಯಾಸವೇ ಒಂದು ವಸ್ತುವಿರಬೇಕು ಎಂದು ಊಹಿಸಿದರು. ಉಂಗುರವಿದೆ, ಕೊಲ್ಲುವ ಶಕ್ತಿಯಿಲ್ಲ. ಹಾಗಾದರೆ ಅದು ಬಾಲವಿಲ್ಲದ ತಿರುಳು ಇರಬೇಕಲ್ಲವೇ? ದ್ರವಕ್ಕೆ ಬಾಲವಾಗಬಲ್ಲ ರಾಸಾಯನಿಕವನ್ನು ಸೇರಿಸಿ ನೋಡಿದರು. ಕೊಲ್ಲುವ ಶಕ್ತಿ ಏರಿತು. ಊಹೆ ನಿಜವಾಗಿತ್ತು. ಆರು-ಅಮೈನೊ ಪೆನಿಸಿಲಾನಿಕ್ ಆಮ್ಲ ಎಂಬ ಉದ್ದದ ಹೆಸರಿನ ಆ ತಿರುಳು 1957ರಲ್ಲಿ ಹೀಗೆ ಕೈಗೆ ಸಿಕ್ಕಿತು. ಬ್ಯಾಚಲರ್, ಡಾಯಲ್, ನೇಲರ್, ರೋಲಿನ್ಸನ್ ಈ ನಾಲ್ವರು 1959ರ ಜನವರಿಯಲ್ಲಿ ಅದನ್ನು ಪ್ರಕಟಿಸಿದರು. ಜಪಾನಿನ ವಿಜ್ಞಾನಿಗಳು ಈ ತಿರುಳಿನ ಸುಳಿವನ್ನು ಕೆಲವು ವರ್ಷ ಮೊದಲೇ ಕಂಡಿದ್ದರೆಂಬುದನ್ನೂ ಇಲ್ಲಿ ಹೇಳಬೇಕು.

ಇನ್ನು ಬಾಲವನ್ನು ಆರಿಸುವ ಹಕ್ಕು ಬೂಷ್ಟಿನ ಕೈಯಿಂದ ಮನುಷ್ಯನ ಕೈಗೆ ಬಂದಂತಾಯಿತು. ಸಾವಿರಾರು ಬಾಲಗಳನ್ನು ಜೋಡಿಸಿ ನೋಡಬಹುದಿತ್ತು. ಅವರು ದೊಡ್ಡಗಾತ್ರದ ಬಾಲವೊಂದನ್ನು ಉಂಗುರದ ಪಕ್ಕದಲ್ಲಿಯೇ ಬರುವಂತೆ ಜೋಡಿಸಿದರು. ಬಾಗಿಲ ಬಳಿ ದಪ್ಪ ಮನುಷ್ಯ ನಿಂತರೆ ಇನ್ನೊಬ್ಬರು ಒಳನುಗ್ಗಲಾಗದಂತೆ, ಆ ಬಾಲದ ಗಾತ್ರದಿಂದಾಗಿ ಕಿಣ್ವದ ಕತ್ತರಿ ಉಂಗುರವನ್ನು ಮುಟ್ಟಲಾಗಲಿಲ್ಲ. ಈ ಔಷಧವೇ ಮೆಥಿಸಿಲಿನ್. 1960ರಲ್ಲಿ ಅದು ಆಸ್ಪತ್ರೆಗಳಿಗೆ ಬಂತು. ಪೆನಿಸಿಲಿನ್ನಿಗೆ ಬಗ್ಗದಿದ್ದ ಸ್ಟೆಫೈಲೊಕಾಕಸ್ ಅದಕ್ಕೆ ಬಗ್ಗಿತು. ವಿಜ್ಞಾನಿಗಳು ಬ್ಯಾಕ್ಟೀರಿಯಾದ ಪ್ರತ್ಯಸ್ತ್ರವನ್ನು ಅರಿತು, ಅದಕ್ಕೆಂದೇ ಔಷಧವನ್ನು ರೂಪಿಸಿ ಗೆದ್ದದ್ದು ವೈದ್ಯಕೀಯ ಇತಿಹಾಸದಲ್ಲಿ ದೊಡ್ಡ ಘಟನೆ.

ನನ್ನ ವಿದ್ಯಾರ್ಥಿಯ ಕಪಾಟಿನ ಹೆಸರುಗಳೆಲ್ಲ ಈ ತಿರುಳಿನ ಮಕ್ಕಳೇ. 1961ರಲ್ಲಿ ಆಂಪಿಸಿಲಿನ್ ಬಂತು. ಹಳೆಯ ಪೆನಿಸಿಲಿನ್ ಒಳಹೊಕ್ಕಲಾರದ ಬ್ಯಾಕ್ಟೀರಿಯಾಗಳ ಒಳಗೂ ಅದು ನುಗ್ಗಬಲ್ಲದು. 1972ರ ಅಮಾಕ್ಸಿಸಿಲಿನ್ ಅದಕ್ಕೆ ಮಾಡಿದ ಒಂದು ಸಣ್ಣ ತಿದ್ದುಪಡಿ. ಅದರಿಂದಾಗಿ ಬಾಯಿಯ ಮೂಲಕ ತೆಗೆದುಕೊಂಡ ಮಾತ್ರೆ ರಕ್ತಕ್ಕೆ ಇನ್ನಷ್ಟು ಚೆನ್ನಾಗಿ ಸೇರುತ್ತದೆ. ಕ್ಲಾಕ್ಸಾಸಿಲಿನ್ ಮೆಥಿಸಿಲಿನ್ನಿನಂತೆ ಕಿಣ್ವವನ್ನು ತಡೆಯುತ್ತದೆ, ಜೊತೆಗೆ ಹೊಟ್ಟೆಯ ಆಮ್ಲವನ್ನೂ ಸಹಿಸುತ್ತದೆ. ಒಂದೇ ಮನೆತನದವರಾದರೂ ಒಬ್ಬೊಬ್ಬರದು ಒಂದೊಂದು ಕಸುಬು. ಹೆಸರು ಬದಲಿಸಿದ ಹಳೆಯ ಸರಕು ಇವಲ್ಲ.

ಮೆಥಿಸಿಲಿನ್ನಿನ ಗೆಲುವು ಮಾತ್ರ ಬಹಳ ದಿನ ನಿಲ್ಲಲಿಲ್ಲ. ಲಂಡನ್ನಿನ ಕಾಲಿನ್‌ಡೇಲ್ ಪ್ರಯೋಗಾಲಯದಲ್ಲಿ ಪೆಟ್ರೀಷಿಯಾ ಜೆವನ್ಸ್ ಎಂಬಾಕೆ ಆಸ್ಪತ್ರೆಗಳಿಂದ ಬಂದ ಐದು ಸಾವಿರಕ್ಕೂ ಹೆಚ್ಚು ಸ್ಟೆಫೈಲೊಕಾಕಸ್ ಮಾದರಿಗಳನ್ನು ಪರೀಕ್ಷಿಸಿದರು. ಮೂರು ಮಾದರಿಗಳು ಮೆಥಿಸಿಲಿನ್ನಿಗೆ ಬಗ್ಗಲಿಲ್ಲ. 1961ರ ಜನವರಿಯಲ್ಲಿ ಅವರು ಇದನ್ನು ವರದಿ ಮಾಡಿದಾಗ ಔಷಧ ಮಾರುಕಟ್ಟೆಗೆ ಬಂದು ವರ್ಷವೂ ತುಂಬಿರಲಿಲ್ಲ. ಐದು ಸಾವಿರದಲ್ಲಿ ಮೂರು ಎಂದರೆ ಕಡೆಗಣಿಸಬಹುದಾದ ಸಂಖ್ಯೆಯೆಂದು ತೋರುತ್ತದೆ. ಇಂದು ಎಂ.ಆರ್.ಎಸ್.ಎ. ಎಂಬ ಹೆಸರಿನಿಂದ ಜಗತ್ತಿನ ಆಸ್ಪತ್ರೆಗಳನ್ನೆಲ್ಲ ಕಾಡುತ್ತಿರುವುದು ಇದೇ ಬಗೆಯ ಸ್ಟೆಫೈಲೊಕಾಕಸ್. ಇದು ಕತ್ತರಿಯನ್ನು ನೆಚ್ಚಿಕೊಂಡಿಲ್ಲ. ಗೋಡೆ ಬೆಸೆಯುವ ಪ್ರೋಟೀನಿಗೆ ಬದಲಿಯೊಂದನ್ನು ಇಟ್ಟುಕೊಂಡಿದೆ. ಆ ಬದಲಿಗೆ ಪೆನಿಸಿಲಿನ್ ವರ್ಗದ ಬಹುತೇಕ ಔಷಧಗಳು ಅಂಟುವುದಿಲ್ಲ. ಬೀಗವೇ ಬದಲಾದ ಮೇಲೆ ಕೀಲಿಕೈಗೆ ಎಷ್ಟು ಗಟ್ಟಿ ಹಿಡಿಯಿದ್ದರೇನು?

2022ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಇದಕ್ಕೆ ಅಚ್ಚರಿಯ ಹಿನ್ನೆಲೆಯನ್ನು ಒದಗಿಸಿತು. ಯೂರೋಪಿನ ಹೆಡ್ಜ್‌ಹಾಗ್ ಎಂಬ ಮುಳ್ಳುಮೈಯ ಪುಟ್ಟ ಪ್ರಾಣಿಯ ಚರ್ಮದ ಮೇಲೆ ಒಂದು ಶಿಲೀಂಧ್ರ ವಾಸಿಸುತ್ತದೆ. ಅದು ಪೆನಿಸಿಲಿನ್ ಬಗೆಯ ವಸ್ತುವನ್ನು ಸ್ರವಿಸುತ್ತದೆ. ಅದೇ ಚರ್ಮದ ಮೇಲಿನ ಸ್ಟೆಫೈಲೊಕಾಕಸ್ಸಿನ ಒಂದು ತಳಿ ಹತ್ತೊಂಬತ್ತನೆಯ ಶತಮಾನದಷ್ಟು ಹಿಂದೆಯೇ ಮೆಥಿಸಿಲಿನ್ ವರ್ಗವನ್ನು ಎದುರಿಸುವ ಶಕ್ತಿಯನ್ನು ಪಡೆದಿತ್ತಂತೆ. ನಾವು ಔಷಧವೆಂದು ಕರೆಯುವುದು ಸೂಕ್ಷ್ಮಜೀವಿಗಳ ನಡುವಣ ಪುರಾತನ ಕಾಳಗದ ಆಯುಧ. ಆ ಕಾಳಗಕ್ಕೆ ನಾವು ತಡವಾಗಿ ಬಂದವರು.

ಕತ್ತರಿಯನ್ನೇ ಕೆಡಿಸುವ ಉಪಾಯವೂ ಬ್ರಾಕಂ ಪಾರ್ಕಿನಿಂದಲೇ ಬಂತು. ಸ್ಟ್ರೆಪ್ಟೊಮೈಸಿಸ್ ಜಾತಿಯ ಒಂದು ಸೂಕ್ಷ್ಮಜೀವಿಯಿಂದ ದೊರೆತ ಕ್ಲಾವುಲಾನಿಕ್ ಆಮ್ಲ ತಾನಾಗಿ ಬ್ಯಾಕ್ಟೀರಿಯಾಗಳನ್ನು ಹೆಚ್ಚು ಕೊಲ್ಲುವುದಿಲ್ಲ. ಆದರೆ ಅದು ಕತ್ತರಿಯ ಬಾಯಿಗೆ ಸಿಕ್ಕಿಕೊಂಡು ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಅಮಾಕ್ಸಿಸಿಲಿನ್ನಿನ ಜೊತೆ ಅದನ್ನು ಬೆರೆಸಿ 1981ರಲ್ಲಿ ಮಾರುಕಟ್ಟೆಗೆ ತಂದರು. ಆಗ್‌ಮೆಂಟಿನ್ ಎಂಬ ಹೆಸರು ನಿಮ್ಮಲ್ಲಿ ಬಹಳ ಮಂದಿಗೆ ಪರಿಚಿತ. ಇದೇ ಪರಂಪರೆಯಲ್ಲಿ ಚೆನ್ನೈನ ಆರ್ಕಿಡ್ ಸಂಸ್ಥೆಯ ವಿಜ್ಞಾನಿಗಳು ಟಾಜೊಬ್ಯಾಕ್ಟಂ ಎಂಬ ಹಳೆಯ ವಸ್ತುವನ್ನು ತಿದ್ದಿ ಎನ್‌ಮೆಟಾಜೊಬ್ಯಾಕ್ಟಂ ರೂಪಿಸಿದರು. ಸೆಫೆಪಿಮ್ ಎಂಬ ಪ್ರತಿಜೀವಕದೊಡನೆ ಕೊಡುವ ಆ ಔಷಧಕ್ಕೆ 2024ರ ಫೆಬ್ರವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿಗೆ ನೀಡಿತು. ಭಾರತದಲ್ಲಿ ಆವಿಷ್ಕಾರಗೊಂಡ ಅಣುವಿಗೆ ದೊರೆತ ಈ ಮನ್ನಣೆ ನಮಗೆ ಹೆಮ್ಮೆಯ ಸಂಗತಿ.

ಈ ವಿಷಯ ನನಗೆ ಪುಸ್ತಕದಾಚೆಗೆ ಮುಖ್ಯವಾದದ್ದು ಏಕೆಂದು ಬಂಧುಗಳಿಗೆ ತಿಳಿದೇ ಇದೆ. ಕೆಲವು ವರ್ಷಗಳ ಹಿಂದೆ ನನ್ನ ಅಣ್ಣನವರ ಪಾದದಲ್ಲಿ ಸಕ್ಕರೆ ಕಾಯಿಲೆಯಿಂದಾದ ಹುಣ್ಣು ಮಾಯದೆ ಉಳಿಯಿತು. ಕೀವನ್ನು ಪರೀಕ್ಷೆಗೆ ಕಳಿಸಿದಾಗ ಬಂದ ವರದಿಯಲ್ಲಿ ಔಷಧಗಳ ಹೆಸರುಗಳ ಉದ್ದದ ಪಟ್ಟಿ, ಪ್ರತಿಯೊಂದರ ಮುಂದೆ ‘ಎಸ್’ ಅಥವಾ ‘ಆರ್’ ಎಂಬ ಅಕ್ಷರ. ‘ಎಸ್’ ಎಂದರೆ ರೋಗಾಣು ಬಗ್ಗುತ್ತದೆ, ‘ಆರ್’ ಎಂದರೆ ಬಗ್ಗುವುದಿಲ್ಲ. ಪೆನಿಸಿಲಿನ್, ಆಕ್ಸಾಸಿಲಿನ್ ಹೀಗೆ ಮೇಲಿನಿಂದ ಕೆಳಗೆ ‘ಆರ್’ ಎಂದೇ ಇತ್ತು. ವಿದ್ಯಾರ್ಥಿಗಳ ಅಂಕಪಟ್ಟಿಗಳನ್ನು ಓದಿ ಅಭ್ಯಾಸವಿರುವ ನನಗೆ ಅಂದು ಆ ಪಟ್ಟಿಯನ್ನು ಓದುವಾಗ ಕೈ ನಡುಗಿತು. ಕೊನೆಗೆ ವ್ಯಾಂಕೊಮೈಸಿನ್ ಎಂಬ ಔಷಧದ ಮುಂದೆ ‘ಎಸ್’ ಇತ್ತು. ರಕ್ತನಾಳದ ಮೂಲಕ ಅದನ್ನು ಹನಿಹನಿಯಾಗಿ, ನಿಧಾನವಾಗಿ ಕೊಟ್ಟರು. ಮೂತ್ರಪಿಂಡಕ್ಕೆ ತೊಂದರೆಯಾಗದಂತೆ ಆಗಾಗ ರಕ್ತಪರೀಕ್ಷೆ ಮಾಡಿದರು. ಎರಡು ಬೆರಳುಗಳು ಹೋದವು, ಪಾದ ಉಳಿಯಿತು.

ಆ ವ್ಯಾಂಕೊಮೈಸಿನ್ನಿನ ಚರಿತ್ರೆಯೂ ಇದೇ ಬಗೆಯದು. 1950ರ ದಶಕದ ಆರಂಭದಲ್ಲಿ ಬೋರ್ನಿಯೊ ದ್ವೀಪದ ಕಾಡಿನಿಂದ ಕ್ರೈಸ್ತ ಪಾದ್ರಿಯೊಬ್ಬರು ಎಲೈ ಲಿಲ್ಲಿ ಕಂಪನಿಗೆ ಕಳಿಸಿದ ಮಣ್ಣಿನಿಂದ ಅದು ದೊರೆಯಿತು. 1958ರಲ್ಲಿ ಅಮೆರಿಕದಲ್ಲಿ ಬಳಕೆಗೆ ಒಪ್ಪಿಗೆ ಪಡೆಯಿತು. ಬ್ಯಾಕ್ಟೀರಿಯಾದ ಗೋಡೆಯ ಇಟ್ಟಿಗೆಯ ತುದಿಯನ್ನು ಅದು ಅಂಗೈಯಲ್ಲಿ ಹಿಡಿದಂತೆ ಹಿಡಿಯುತ್ತದೆ. ಮೂರು ದಶಕಗಳ ಕಾಲ ಅದಕ್ಕೆ ಎದುರಾಳಿಯೇ ಇಲ್ಲವೆಂಬಂತಿತ್ತು. 1980ರ ದಶಕದ ಕೊನೆಯಲ್ಲಿ ಯೂರೋಪಿನ ಆಸ್ಪತ್ರೆಗಳಲ್ಲಿ ಎಂಟರೊಕಾಕಸ್ ಎಂಬ ಬ್ಯಾಕ್ಟೀರಿಯಾ ಅದನ್ನೂ ಎದುರಿಸಿತು. ಇಟ್ಟಿಗೆಯ ತುದಿಯಲ್ಲಿ ಒಂದು ಸಣ್ಣ ಬದಲಾವಣೆಯನ್ನಷ್ಟೇ ಅದು ಮಾಡಿಕೊಂಡಿತ್ತು. ಅಷ್ಟರಿಂದಲೇ ಔಷಧದ ಹಿಡಿತ ಸುಮಾರು ಸಾವಿರ ಪಟ್ಟು ಸಡಿಲವಾಯಿತು.

ಇದಕ್ಕೂ ತಿದ್ದುಪಡಿಯ ದಾರಿಯನ್ನೇ ಹಿಡಿದಿದ್ದಾರೆ. ವ್ಯಾಂಕೊಮೈಸಿನ್ನಿಗೆ ಜಿಡ್ಡಿನಲ್ಲಿ ಬೆರೆಯುವ ಬಾಲವನ್ನು ಜೋಡಿಸಿದ ಟೆಲಾವ್ಯಾಂಸಿನ್ 2009ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯ ಡೇಲ್ ಬೋಗರ್ ಅವರ ತಂಡ 2017ರಲ್ಲಿ ಒಂದೇ ಅಣುವಿನಲ್ಲಿ ಮೂರು ತಿದ್ದುಪಡಿಗಳನ್ನು ಮಾಡಿ, ಅದು ಮೂರು ಬೇರೆಬೇರೆ ವಿಧಾನಗಳಿಂದ ಬ್ಯಾಕ್ಟೀರಿಯಾವನ್ನು ಕೊಲ್ಲುವಂತೆ ಮಾಡಿತು. ಒಂದನ್ನು ತಪ್ಪಿಸಿಕೊಂಡರೂ ಮಿಕ್ಕ ಎರಡು ಕಾದಿರುತ್ತವೆ ಎಂಬುದು ಅದರ ತರ್ಕ. ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಜಯಂತ ಹಾಲ್ದಾರ್ ಅವರ ತಂಡವೂ ವ್ಯಾಂಕೊಮೈಸಿನ್ನಿಗೆ ಧನವಿದ್ಯುದಂಶವುಳ್ಳ, ಜಿಡ್ಡಿಗೆ ಅಂಟುವ ಬಾಲಗಳನ್ನು ಜೋಡಿಸಿ, ಅವು ಬ್ಯಾಕ್ಟೀರಿಯಾದ ಪೊರೆಯನ್ನೂ ಭೇದಿಸುವುದನ್ನು ತೋರಿಸಿದೆ. ಪ್ರಯೋಗಾಲಯದ ಅಣು ರೋಗಿಯ ಹಾಸಿಗೆಯನ್ನು ತಲುಪಲು ಬಹಳ ವರ್ಷ, ಬಹಳ ಹಣ ಬೇಕು. ತಲುಪಿದ ಮೇಲೆ ಅದರ ಆಯುಸ್ಸು ಎಷ್ಟೆಂಬುದು ನಮ್ಮೆಲ್ಲರ ನಡತೆಯನ್ನು ಅವಲಂಬಿಸಿದೆ.

ಆ ನಡತೆಯ ಬಗ್ಗೆ ಎರಡು ಮಾತು ಹೇಳಿ ಮುಗಿಸುತ್ತೇನೆ. 2022ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅಂದಾಜಿನಂತೆ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳ ಸೋಂಕೇ ನೇರ ಕಾರಣವಾಗಿ 2019ರಲ್ಲಿ ಜಗತ್ತಿನಲ್ಲಿ ಸುಮಾರು 12 ಲಕ್ಷ 70 ಸಾವಿರ ಮಂದಿ ಸತ್ತರು. ನಮ್ಮಲ್ಲಿ 2014ರ ಮಾರ್ಚಿನಿಂದ ‘ಎಚ್-1’ ಎಂಬ ಅನುಸೂಚಿ ಜಾರಿಯಲ್ಲಿದೆ. ಅದರಲ್ಲಿರುವ ಪ್ರತಿಜೀವಕಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕು. ಕಾನೂನು ಅಷ್ಟನ್ನು ಮಾಡಬಲ್ಲದು. ನೆಗಡಿಗೆಂದು ಅಮಾಕ್ಸಿಸಿಲಿನ್ ಕೇಳುವ ಗಿರಾಕಿಯನ್ನೂ, ಮಗನಿಗೆ ತಂದ ಮಾತ್ರೆಯಲ್ಲಿ ಉಳಿದದ್ದನ್ನು ಡಬ್ಬಿಯಲ್ಲಿಟ್ಟು ಮರುವರ್ಷ ಮಗಳಿಗೆ ಕೊಡುವ ಮನೆಯವರನ್ನೂ ಅದು ಹಿಂಬಾಲಿಸಲಾರದು. ನೆಗಡಿ ವೈರಸ್ಸಿನಿಂದ ಬರುವುದು. ಯಾವ ‘ಸಿಲಿನ್’ ಸಹ ವೈರಸ್ಸನ್ನು ಕೊಲ್ಲುವುದಿಲ್ಲ. ಆದರೆ ನಮ್ಮ ಮೈಯೊಳಗಿನ ಬ್ಯಾಕ್ಟೀರಿಯಾಗಳಲ್ಲಿ ಬಗ್ಗುವವನ್ನು ಕೊಂದು ಬಗ್ಗದವಕ್ಕೆ ಜಾಗ ಮಾಡಿಕೊಡುತ್ತದೆ.

ಆದ್ದರಿಂದ ವೈದ್ಯರು ಬರೆದುಕೊಟ್ಟಾಗ ಮಾತ್ರ, ಅವರು ಹೇಳಿದಷ್ಟು ಪ್ರಮಾಣದಲ್ಲಿ, ಹೇಳಿದಷ್ಟು ದಿನ ತೆಗೆದುಕೊಳ್ಳಿರಿ. ಪಟ್ಟಿಯ ಬೆನ್ನ ಮೇಲೆ ಕೆಂಪು ಗೆರೆ ಕಂಡರೆ ಸ್ವಂತ ವೈದ್ಯ ಬೇಡ. ಒಂದು ಅಣುವಿಗೆ ಒಂದು ಬಾಲ ಜೋಡಿಸಲು ಎಷ್ಟೊಂದು ಜನ ಎಷ್ಟು ವರ್ಷ ದುಡಿದಿದ್ದಾರೆಂಬುದು ಈಗ ನಿಮಗೆ ಗೊತ್ತು. ಅವರ ದುಡಿಮೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ‘ಎಸ್’ ಎಂದೇ ಉಳಿಯಲಿ.